ಎಂಬತ್ತು ಹೆಜ್ಜಿ ತನಕ ಬರೋಬರ್

ಡಬ್ಬಿ ತೆರೆದ ಕೂಡಲೇ ಆ ವಾಸನಿ ಮೂಗಿಗೆ ಬಂತು. ಹೊಸ ರಬ್ಬರಿನ ವಾಸನಿ, ಅದರೊಳಗ ಜರಾ ಗ್ರೀಸು, ಜರಾ ಪ್ಲಾಸ್ಟಿಕ್ಕು. ಕೋಟನೂರ ಕಡೆ ಬೆಳೆದ ಹೊಸ ಬಡಾವಣಿಯೊಳಗ, ಎರಡನೇ ಮಜಲಿನ ನಮ್ಮ ಮನಿಯಾಗ ಕೂತು, ಮಗಳ ಹುಟ್ಟುಹಬ್ಬಕ್ಕ ತರಿಸಿದ ರಿಮೋಟ್ ಗಾಡಿ ಬಿಚ್ಚಾಕತ್ತಿದ್ದೆ. ಎಲ್ಲಾ ತಯಾರದ, ತೆಗಿ, ಓಡಸು ಅನ್ನೋ ಅರ್ಥದ್ದು ಏನೋ ಡಬ್ಬಿ ಮ್ಯಾಲ ದಪ್ಪಕ್ಷರದಾಗ ಬರೆದಿತ್ತು. ಮಗಳು ನಿಧಿ ರಿಮೋಟ್ ಹಿಡಕೊಂಡು ಆಗಲೇ ಬಾಗಲ ಹಂತ್ಯಾಕ ನಿಂತಿದ್ದಳು. "ತಡಿ, ತಪಾಸ್ ಆಗದ ಗಾಡಿ ಬಾಗಲಾ ದಾಟಬಾರದು" ಅಂತ ನನ್ನ ಬಾಯಿಂದ ಬಂತು. "ಹೊಸಾದಕ್ಕ ಏನ್ ತಪಾಸ್ ಮಮ್ಮಿ?" ಅಂತ ಅಕಿ ಕೇಳಿದಳು. ನಾ ಗಾಡಿ ನನ್ನ ಕಡೆ ಎಳಕೊಂಡೆ. ತಪಾಸಿನ ಆ ಮಾತು ನನ್ನದಲ್ಲ, ನಮ್ಮ ಮುತ್ಯಾಂದು. ಮುತ್ಯಾ ಅಂದ್ರ ನಮ್ಮ ಕಡೆ ಅಜ್ಜ. ಅಂವ ಹೋಗಿ ಭಾಳ ವರ್ಷ ಆಯ್ತು, ಅಂವ ಇದ್ದ ಮನಿನೂ ಹೋಯ್ತು. ನಿಮಗೂ ಇಂಥಾ ಒಂದು ಮನಿ ಇದ್ದಿರಬೇಕು, ವಾಸನಿಯೊಂದು ಉಳಿಸಿ ಉಳಿದದ್ದೆಲ್ಲಾ ತಗೊಂಡು ಹೋದದ್ದು.

ಜಗತ್ ಸರ್ಕಲ್‌ನಿಂದ ಕೂಗಳತಿ ದೂರದಾಗ ಒಂದು ನೆಟ್ಟನ ಓಣಿ. ಓಣಿಯ ಕೊನಿಗೆ ನಮ್ಮ ಮನಿ, ಈ ಕಡೆ ತುದಿಗೆ ದೊಡ್ಡ ರಸ್ತೆ. ದಪ್ಪ ಕಲ್ಲಿನ ಗ್ವಾಡಿ, ಶಹಾಬಾದಿ ಫರಸಿ, ಬ್ಯಾಸಗ್ಯಾಗ ಫರಸಿ ಮ್ಯಾಲ ನೀರು ಚೆಲ್ಲಿ ನಾವು ಬೋರಲ ಮಲಗತಿದ್ದೆವು. ಮುತ್ಯಾ ಬಸ್ ಡಿಪೋದಾಗ ಹೆಡ್ ಮೆಕ್ಯಾನಿಕ್ ಆಗಿದ್ದಂವ. ಅವನ ಸಹಿ ಇಲ್ಲದ ಬಸ್ಸು ಗೇಟ್ ದಾಟತಿರಲಿಲ್ಲ. ರಿಟೈರ್ ಆದ ಮ್ಯಾಲ ಬಸ್ಸು ತಪ್ಪಿದವು, ಚಟಾ ತಪ್ಪಲಿಲ್ಲ. ಮನಿಗೆ ಬಂದ ಹೊಸ ಸಾಮಾನು ಯಾವುದೂ ಅವನ ಕೈ ದಾಟದ ನಮ್ಮ ಕೈಗೆ ಬರತಿರಲಿಲ್ಲ. ಹೊಸ ಕೊಡಾ ಬಂದ್ರ ನೀರು ತುಂಬಿಸಿ ಒಣ ಫರಸಿ ಮ್ಯಾಲ ಇಟ್ಟು, ಅಡಿಗೆ ತೇವಾ ಬರ್ತದೇನು ಅಂತ ದಿನಗಟ್ಟಲೆ ಕಾಯತಿದ್ದ. ಹೊಸ ಛತ್ರಿ ಬಿಸಲಿಗೆ ಹಿಡದು ತೂತು ಹುಡಕತಿದ್ದ. ಅಪ್ಪ ಸೈಕಲ್ ತಂದಾಗ ಒಂದೊಂದ ಕಡ್ಡಿ ಬೆರಳಿಂದ ಮೀಟಿ ಸಪ್ಪಳ ಕೇಳಿದ. ಅಷ್ಟೊತ್ತು ಅಪ್ಪ, ನಲವತ್ತು ವರ್ಷದ ಗಂಡಸು, ಸುಮ್ಮ ಕೈಕಟ್ಟಿ ನಿಂತಿದ್ದ. "ಹೊಸಾದು ಅಂದ್ರ ಇನ್ನಾ ಯಾರನ್ನೂ ಮೋಸ ಮಾಡಿಲ್ಲ ಅಂತಷ್ಟ ಅರ್ಥ" ಅನ್ನೋದು ಮುತ್ಯಾನ ಮಾತು. ಆಯಿ, ಅಂದ್ರ ನಮ್ಮಜ್ಜಿ, ಒಲಿ ಮುಂದಿಂದಲೇ ಅಂತಿದ್ದಳು, "ನನ್ನ ಮದಿವ್ಯಾಗ ಹಲ್ಲು ಎಣಿಸೋದೊಂದು ಬಾಕಿ ಉಳದಿತ್ತು ನೋಡವ್ವಾ."

ಆ ಮನಿಯಾಗ ಲೀಲಾ ಅತ್ತಿ ಇದ್ದಳು. ಶಿವಲೀಲಾ ಅಂತ ಹೆಸರು, ನಮ್ಮಪ್ಪನ ಸಣ್ಣ ತಂಗಿ. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಎರಡು ವರ್ಷ ಓದಿದ್ದಳು. ಮೂರನೇ ವರ್ಷಕ್ಕ ಕಮಲಾಪುರದಿಂದ ಸಂಬಂಧ ಬಂತು, ಓದು ಅಲ್ಲಿಗೇ ನಿಂತಿತು. ಬಾಳಿತೋಟದ ಮನಿ, ಬಳಗದ ಮಂದಿ, ಮೂರು ತಲಿಯಿಂದ ಕೊಟ್ಟು ತಂದು ಮಾಡಿದವರು. ಮದಿವ್ಯಾಗಿ ವರ್ಷ ತುಂಬೋದ್ರೊಳಗ, ಸಂಕ್ರಾಂತಿ ಹಬ್ಬಕ್ಕ ಬಂದಾಕಿ ಮತ್ತ ಹೋಗೋದಿಲ್ಲ ಅಂತ ಕೂತಳು. ಗಂಡಗ ಸಂಶಯ. ಅಂಗಡಿಗೆ ಹೋಗುವಾಗ ಹೊರಗಿಂದ ಕೀಲಿ ಹಾಕ್ಕೊಂಡು ಹೋಗತಿದ್ದ. ಮುಂಜಾನಿ ಕೀಲಿ, ಸಂಜಿಗೆ ತೆರಿಯೋದು. ಒಮ್ಮೆ ಅಕಿಗೆ ಮೈ ಸುಡೋಹಂಗ ಜ್ವರಾ ಬಂದು, ಕಿಟಕಿ ಸರಳಿನಾಗಿಂದ ಬಾಜೂ ಮನಿಯಾಕಿ ನೀರು ಕೊಟ್ಟಳಂತ. ಇದೆಲ್ಲಾ ನಾ ಅಡಗಿಮನಿ ಬಾಗಲ ಹಿಂದ ನಿಂತು ಕೇಳಿದ್ದು. ನನಗಾಗ ಹತ್ತು ವರ್ಷ.

ತವರಿಗೆ ಬಂದಳಲ್ಲ, ಪಾರಾದಳು ಅಂತ ನೀವು ಅಂದ್ಕೊಂಡ್ರ ನಿಮಗ ನಮ್ಮ ಓಣಿ ಗೊತ್ತಿಲ್ಲ. ಗಂಡನ ಬಿಟ್ಟು ಬಂದಾಕಿ ಕಟ್ಟಿ ಮ್ಯಾಲ ಕಂಡ್ರ ನಾಲ್ಕು ಮಂದಿ ನಾಲ್ಕು ಮಾತು ಆಡ್ತಾರ ಅಂತ ಅಕಿನ್ನ ಬಾಗಲತನಾನೂ ಬಿಡತಿರಲಿಲ್ಲ. ಮಾಳಗಿ ಹತ್ತಬಾರದು, ಕಿರಾಣಿ ಅಂಗಡಿಗೆ ಹೋಗಬಾರದು, ಬೀಗರ ಪೈಕಿ ಯಾರರೇ ಬಂದ್ರ ಒಳಗಿನ ಖೋಲಿ ಸೇರಬೇಕು. ಅಕಿ ಚಪ್ಪಲ್ ಆಯಿ ಅಟ್ಟದ ಮ್ಯಾಲ ಇಟ್ಟಿದ್ದಳು. ಅಲ್ಲಿ ಹೊರಗ ಕೀಲಿ, ಇಲ್ಲಿ ಒಳಗ ಅಗಳಿ, ಅಷ್ಟ ಫರಕು. ಏಳು ತಿಂಗಳು ಅಕಿ ಹಂಗೇ ಇದ್ದಳು. ಮನಿಯಾಗಿನ ರೇಡಿಯೋ, ಗಡಿಯಾರ, ಇಸ್ತ್ರಿ, ಕೆಟ್ಟದ್ದು ಕೆಡದ್ದು ಎಲ್ಲಾ ಬಿಚ್ಚಿ ಕೂಡಿಸಿ ಮುಗಿಸಿದಳು. ನಾ ಸಾಲಿಯಿಂದ ಬಂದ್ರ ಪಾಟಿಚೀಲಾ ಇಳಿಸೋ ಮುಂಚೆನೇ, "ಪಾರೂ, ಹೊರಗ ಏನೇನ್ ನೋಡಿದಿ, ಒಂದೂ ಬಿಡದ ಹೇಳು" ಅಂತಿದ್ದಳು. ಎಮ್ಮಿ ಅಡ್ಡ ನಿಂತು ಸಿಟಿ ಬಸ್ಸು ತಡದದ್ದನ್ನ ಸುದ್ದಾ ಎರಡು ಸಲ ಹೇಳಿಸಿ ಕೇಳತಿದ್ದಳು. ಮುತ್ಯಾ ಅಕಿ ಕೂಡ ಮಾತು ಬಿಟ್ಟಿದ್ದ. ಸಿಟ್ಟೋ ನಾಚಿಕಿಯೋ ನನಗ ಆಗ ತಿಳೀಲಿಲ್ಲ. ಊಟಕ್ಕ ಕೂತಾಗ ಅಕಿ ರೊಟ್ಟಿ ಬಡಸಿದ್ರ ಅಂವ ತಾಟು ನೋಡತಿದ್ದ, ಮಾರಿ ನೋಡತಿರಲಿಲ್ಲ.

ಶ್ರಾವಣದಾಗ ಎರಡೂ ಕಡೆ ಹಿರಿಯರು ಕೂಡಿದರು. ಅಳಿಯಗ ಬುದ್ಧಿ ಹೇಳೀವಿ, ಹುಡುಗಿ ಬಾಳೇ ಮಾಡಬೇಕು, ಬರೋ ಸೋಮವಾರ ಬಂದು ಕರಕೊಂಡು ಹೋಗ್ತಾರ ಅಂತ ತೀರ್ಮಾನ ಆಯ್ತು. ಮುತ್ಯಾ ಹತ್ತು ಮಂದಿ ಮುಂದ ಹೂಂ ಅಂದು ಬಂದ. ಅವತ್ತು ಸಂಜಿಮುಂದ ಅತ್ತಿ ನನ್ನ ತಲಿ ಹೆಣಿಯಾಕತ್ತಿದ್ದಳು. ಸುದ್ದಿ ಕೇಳಿ ಅಕಿ ಕೈ ನಿಲ್ಲಲಿಲ್ಲ, ಜಡಿ ಮಾತ್ರ ಅಷ್ಟು ಬಿಗಿ ಹಾಕಿದಳು ಅಂದ್ರ ನನ್ನ ಕಣ್ಣಾಗ ನೀರು ಬಂತು. ಅಕಿ ಕಾಲೇಜಿನ ಗೆಳತಿಯೊಬ್ಬಾಕಿ ನಮ್ಮೂರಾಗೇ ಸ್ಟೇಷನ್ ಕಡೆ ಖೋಲಿ ಮಾಡಿಕೊಂಡು ನೌಕರಿ ಮಾಡತಿದ್ದಳು. ಆ ಗೆಳತಿ ಬರೆದ ಚೀಟಿ ನಾನೇ ಸಾಲಿಯಿಂದ ಬರುವಾಗ ತಂದು ಕೊಟ್ಟಿದ್ದೆ. ಬಾ, ಇಬ್ಬರೂ ಕೂಡಿ ಇರೋಣು, ಕೆಲಸಾ ನಾ ಕೊಡಸ್ತೀನಿ ಅಂತ ಬರದಿತ್ತು. ಆ ಚೀಟಿ ಒಂದಿನ ಮುತ್ಯಾನ ಕೈಗೆ ಸಿಕ್ಕಿತು. ಅಂವ ಕನ್ನಡಕ ಹಾಕ್ಕೊಂಡು ಓದಿ, ಹೆಂಗಿತ್ತೋ ಹಂಗ ಮಡಚಿ, ಎಲ್ಲಿತ್ತೋ ಅಲ್ಲೇ ಇಟ್ಟ. ನಾ ನೋಡಿದೆ. ಅಂವ ನಾ ನೋಡಿದ್ದನ್ನೂ ನೋಡಿದ.

ಅದೇ ವಾರ ಹೈದರಾಬಾದಿನ ಮಾಮಾ ಬಂದ. ಮಾಮಾಗ ಇಬ್ಬರೂ ಗಂಡುಮಕ್ಕಳು, ಹೆಣ್ಣುಹುಡುಗಿಗೆ ಏನು ಒಯ್ಯಬೇಕು ಅಂತ ಗೊತ್ತಾಗದ ಅವರಿಗೆ ತಗೋಳೋದನ್ನೇ ನನಗೂ ತಂದಿದ್ದ. ಹಸರು ಬಣ್ಣದ ರಿಮೋಟ್ ಗಾಡಿ, ನನ್ನ ಮೊಣಕೈಯಷ್ಟು ಉದ್ದ, ಮುಷ್ಟಿಗಿಂತ ದೊಡ್ಡ ಗಾಲಿ. ಆ ವಾಸನಿ ಅವತ್ತು ಪಡಸಾಲಿ ತುಂಬಾ ಹರಡಿತು. ನಾ ಕೈ ಹಾಕೋದ್ರೊಳಗ ಮುತ್ಯಾ ಡಬ್ಬಿ ತನ್ನ ಕಡೆ ಎಳಕೊಂಡ. ಅದರಾಗೊಂದು ಪುಸ್ತಕ ಇತ್ತು, ಪೂರಾ ಇಂಗ್ಲಿಷು, ನಡುನಡುಕ ಬಾಣಾ ಗುರ್ತಿನ ಚಿತ್ರ. ಮುತ್ಯಾ ಹಾಳಿ ತಿರುವಿ ತಿರುವಿ ಸಾಕಾಗಿ, ನನ್ನ ಕಡೆ ನೋಡಿ, "ಒಳಗ ಓದಿದಾಕಿ ಇದ್ದಾಳಲ್ಲ, ಕರಿ ಅಕಿನ್ನ" ಅಂದ.

ಅತ್ತಿ ಬಂದು ಫರಸಿ ಮ್ಯಾಲ ಕೂತಳು. ಈ ಕಡೆ ಮುತ್ಯಾ, ಆ ಕಡೆ ಅಕಿ, ನಡುವ ನಾನು ಮತ್ತ ಗಾಡಿ. ಏಳು ತಿಂಗಳಾಗಿತ್ತು ಅವರಿಬ್ಬರೂ ಒಂದು ಕೆಲಸಕ್ಕ ಅಂತ ಎದುರಾಬದರು ಕೂತು. ಮಾತು ಮಾತ್ರ ನನ್ನ ಮ್ಯಾಲಿಂದಲೇ ಹಾದು ಹೋಗತಿದ್ದವು. "ಪಾರೂ, ಮೊದಲ ಗಾಲಿ ನಟ್ಟು ಬಿಗಿ ಅವೇನು ನೋಡ್ಬೇಕಂತ, ಮುತ್ಯಾಗ ಹೇಳು." ಮುತ್ಯಾ ನಟ್ಟು ತಿರುವೋ ತನ್ನ ಪಾನಾ ಸುತ್ತಿಟ್ಟ ಕ್ಯಾನ್ವಾಸ್ ಬಿಚ್ಚಿದ. ಅದರಾಗಿನ ಪಾನಾ ಬಸ್ಸಿನವು, ಆ ನಟ್ಟಿಗೆ ಆನಿ ಕಾಲು ಇಟ್ಟಂಗ. ಅತ್ತಿ ಒಳಗ ಹೋಗಿ ಗಡಿಯಾರ ರಿಪೇರಿ ಮಾಡೋ ಸಣ್ಣ ಸಾಮಾನಿನ ಡಬ್ಬಿ ತಂದಳು. ಒಂದು ಗಾಲಿ ಸಡ್ಲ ಇತ್ತು ನೋಡ್ರಿ, ಖರೇನೇ ಇತ್ತು. ಮುತ್ಯಾನ ಮಾರಿ ಮ್ಯಾಲ ಬಂದ ಸಂತೋಷಾ ನಾ ಇವತ್ತಿಗೂ ಮರ್ತಿಲ್ಲ. "ನೋಡಿದಿಲ್ಲ? ಹೊಸಾದಂತ, ತಯಾರದಂತ" ಅಂತ ನನಗ ಹೇಳಿದ, ಹೇಳಿದ್ದು ಅಕಿಗೆ.

ಎರಡು ದಿನ ನಡೀತು ಆ ತಪಾಸು. ಅಡಿಗಿನ ತಿರುಪು ಒಂದೊಂದ ತಿರುವಿ ನೋಡಿದರು. ಹಲ್ಲಿನ ಗಾಲಿಗಳ ನಡುವ ಹಾಳಿ ಚೂರು ತೂರಿಸಿ, ಭಾಳ ಬಿಗಿ ಕೂತಾವೋ ಭಾಳ ಸಡ್ಲ ಕೂತಾವೋ ನೋಡಿದರು. ಗಾಲಿ ನೆಲಾ ಮುಟ್ಟಬಾರದು ಅಂತ ಪುಸ್ತಕದಾಗ ಇತ್ತು. ಮುತ್ಯಾ ಹಿತ್ತಾಳಿ ಸೇರು ಬೋರಲ ಹಾಕಿ ಅದರ ಮ್ಯಾಲ ಗಾಡಿ ಕೂಡಿಸಿದ. "ಕಾಳು ಅಳಿಯೋ ಸೇರಿನ ಮ್ಯಾಲ ಗಾಡಿ ಏರಸ್ತಾರೇನ್ರಿ, ಬುದ್ಧಿ ಎಲ್ಲಿ ಇಟ್ಟೀರಿ" ಅಂತ ಆಯಿ ಬೈದಳು, ಯಾರೂ ಕಿವಿಗೊಡಲಿಲ್ಲ. ಮೊದಲ ರಿಮೋಟ್ ಚಾಲೂ ಮಾಡಬೇಕು, ಆಮ್ಯಾಲ ಗಾಡಿ, ಬಂದ್ ಮಾಡುವಾಗ ಮೊದಲ ಗಾಡಿ, ಆಮ್ಯಾಲ ರಿಮೋಟ್, ಇಲ್ಲಾಂದ್ರ ಗಾಡಿ ತನ್ನ ಮನಸಿಗೆ ಬಂದಂಗ ಓಡ್ತದ ಅಂತ ಅತ್ತಿ ನನಗ ಪಾಠಾ ಹೇಳಿದಳು. ನಾ ಎಡಕ್ಕ ತಿರುವಿದೆ, ಗಾಲಿ ಎಡಕ್ಕ ಹೊರಳಿದವು. ಮುಂದ ಒತ್ತಿದೆ, ನಾಲ್ಕೂ ಗಾಲಿ ಗಾಳ್ಯಾಗ ಜೋರಾಗಿ ತಿರುಗಿದವು. ಅಷ್ಟು ಓಡತಿತ್ತು, ಎಲ್ಲಿಗೂ ಹೋಗತಿರಲಿಲ್ಲ. ಅತ್ತಿ ಅದನ್ನ ಭಾಳೊತ್ತು ನೋಡಿಕೋತ ಕೂತಳು.

ಶನಿವಾರ ಮಧ್ಯಾಹ್ನ ಅದಾಯ್ತು. ಮುತ್ಯಾ ಪೇಚಕಸ, ಅಂದ್ರ ಸ್ಕ್ರೂಡ್ರೈವರ್, ಹಿಡದು ಕೊನೀ ತಿರುಪು ನೋಡಾಕತ್ತಿದ್ದ. ಅತ್ತಿ ತಲಿ ಎತ್ತದ ಅಂದಳು, "ಪಾರೂ, ಮುತ್ಯಾಗ ಕೇಳು. ನನ್ನ ಕಮಲಾಪುರಕ್ಕ ಕೊಡೂ ಮುಂದ ಇಂಥಾದ್ದೊಂದರೇ ತಿರುಪು ತಿರುವಿ ನೋಡಿದ್ನೇನು ಅಂತ." ನನಗ ಅದರ ಭಾರಾ ಎಲ್ಲಿ ಗೊತ್ತು? ಎರಡು ದಿನದಿಂದ ಆ ಕಡೆ ಮಾತು ಈ ಕಡೆ ಒಯ್ದು ರೂಢಿ ಆಗಿತ್ತು. ಒಂದಕ್ಷರ ಬಿಡದ ಹಂಗೇ ಕೇಳಿದೆ. ಮುತ್ಯಾನ ಕೈ ನಿಂತಿತು. ಅಡಗಿಮನಿಯಾಗ ಆಯಿ ರೊಟ್ಟಿ ಬಡಿಯೋದೂ ನಿಂತಿತು. ಅಂವ ಗಾಡಿ ಕಡೆನೇ ನೋಡಿಕೋತ ಅಂದ, "ನೋಡಲಿಲ್ಲ ಅಂತ ಹೇಳವ್ವಾ. ಬಳಗದ ಮನಿ ಅಂತ ನೋಡಲಿಲ್ಲ." ನಾ ಅತ್ತಿ ಕಡೆ ತಿರುಗಿ, "ನೋಡಲಿಲ್ಲಂತ" ಅಂದೆ. ಬೀಗರು ಹೊತ್ತು ತಂದ ಕಮಲಾಪುರದ ಕೆಂಪು ಬಾಳಿಗೊನಿಯ ಒಂದೊಂದ ಹಣ್ಣೂ ಒತ್ತಿ ನೋಡಿ ಇಳಿಸಿಕೊಂಡ ಮನಷ್ಯಾ ಅಂವ. ಅಳಿಯನ ಬಗ್ಗೆ ಮಾತ್ರ ಅವರ ಓಣಿಯಾಗ ಒಬ್ಬರನ್ನೂ ಕೇಳಲಿಲ್ಲ. ಪರಕೀ ಮಂದಿ ಆಗಿದ್ರ ಕೇಳತಿದ್ದನೋ ಏನೋ. ನಮ್ಮ ಮಂದಿ ನಮ್ಮವರ ಕೈಯಾಗೇ ಹಿಂಗ ಮುಳಗ್ತಾರ ನೋಡ್ರಿ.

ಒಂದೇ ತಪಾಸು ಉಳದಿತ್ತು. ಎಷ್ಟು ದೂರದ ತನಕ ಗಾಡಿ ರಿಮೋಟಿನ ಮಾತು ಕೇಳ್ತದ ಅಂತ ನೋಡೋದು. ಒಬ್ಬರು ರಿಮೋಟ್ ಹಿಡದು ನಿಲ್ಲಬೇಕು, ಇನ್ನೊಬ್ಬರು ಗಾಡಿ ಎತ್ತಿ ಹಿಡಕೊಂಡು ದೂರ ದೂರ ನಡೀಬೇಕು, ಎಲ್ಲಿ ಗಾಲಿ ತಿರುಗೋದು ನಿಲ್ತದ ಅಲ್ಲಿಗೆ ಅದರ ಹದ್ದು. ಮನಿಯೊಳಗ ಅದು ಆಗೋ ಕೆಲಸ ಅಲ್ಲ, ಓಣಿಗೇ ಹೋಗಬೇಕು. ರವಿವಾರ ಉಂಡು ಎಲ್ಲರೂ ಅಡ್ಡಾದ ಹೊತ್ತಿನ್ಯಾಗ ಮುತ್ಯಾ ನಿಚ್ಚಣಿಕಿ ಹಾಕಿ ತಾನೇ ಅಟ್ಟಾ ಹತ್ತಿದ. ಮೊಣಕಾಲು ಹಿಡದ ಮನಷ್ಯಾ, ಒಂದೊಂದ ಮೆಟ್ಟಲಿಗೂ ಶಿವಾ ಶಿವಾ ಅನಕೋತ ಹತ್ತಿದ. ಇಳದಾಗ ಕೈಯಾಗ ಅತ್ತಿ ಚಪ್ಪಲ್ ಇದ್ದವು. ಧೂಳಾ ಝಾಡಿಸಿ, ಉಂಗುಷ್ಟ ಎಳದು ನೋಡಿದ, ಪಟ್ಟಿ ಎಳದು ನೋಡಿದ, ಅಡಿ ಬಗ್ಗಿಸಿ ನೋಡಿದ. ಆಮ್ಯಾಲ ಹೊಸ್ತಿಲ ಮುಂದ ಜೋಡಿಸಿ ಇಟ್ಟ. "ಲೀಲಾ ಹೊರಗ ಹೋಗ್ಬೇಕಾ?" ಅಂತ ಆಯಿ ಎದ್ದು ಕೂತಳು. "ಗಾಡಿ ತಪಾಸ್ ಅದ. ಪುಸ್ತಕ ಓದಿದಾಕಿ ಅಕಿ, ಅಕಿನೇ ಒಯ್ಯಲಿ" ಅಂದ ಮುತ್ಯಾ. ಆಯಿ ಅವನ ಮಾರಿ ನೋಡಿದಳು, ಸೆರಗು ಹೊದ್ದು ಗ್ವಾಡಿ ಕಡೆ ಹೊರಳಿ ಮಲಗಿದಳು.

ಏಳು ತಿಂಗಳ ಮ್ಯಾಲ ಅತ್ತಿ ಹೊಸ್ತಿಲ ದಾಟಿದಳು. ಬಿಸಲಿಗೆ ಕಣ್ಣು ಕಿರಿದು ಮಾಡಿ, ಗಾಡಿ ಎರಡೂ ಕೈಯಾಗ ಎದಿಗೆ ಹಿಡಕೊಂಡು, ಹೆಜ್ಜಿ ಎಣಿಸಿಕೋತ ನಡದಳು. ನಾ ಕಟ್ಟಿ ಮ್ಯಾಲ ನಿಂತು ರಿಮೋಟಿನ ಏರಿಯಲ್ ಪೂರಾ ಎಳದಿದ್ದೆ. ನನ್ನ ಹಿಂದ ಬಾಗಲದಾಗ ಮುತ್ಯಾ. ಹತ್ತು ಹೆಜ್ಜಿಗೊಮ್ಮೆ ಅಕಿ ತಿರುಗಿ ನಿಲ್ಲತಿದ್ದಳು, ನಾ ಒತ್ತತಿದ್ದೆ, ಗಾಲಿ ತಿರುಗಿದ್ರ ಅಕಿ ಕೈ ಎತ್ತತಿದ್ದಳು. ನಲವತ್ತಕ್ಕ ಎತ್ತಿದಳು, ಅರವತ್ತಕ್ಕ ಎತ್ತಿದಳು, ಎಂಬತ್ತಕ್ಕೂ ಎತ್ತಿದಳು. ತೊಂಬತ್ತಕ್ಕ ಎತ್ತಲಿಲ್ಲ. "ಮುಗೀತು ಮುತ್ಯಾ, ಅಲ್ಲಿ ಕೇಳವಲ್ಲದು" ಅಂದೆ ನಾನು. "ಇನ್ನೂ ಮುಂದ ಹೋಗಂತ ಹೇಳು" ಅಂದ. ನಾ ಕೂಗಿ ಹೇಳಿದೆ. ಅಕಿ ಹತ್ತು ಹೆಜ್ಜಿ ಹೋಗಿ ನಿಂತಳು. ಕೈ ಏಳಲಿಲ್ಲ. "ಇನ್ನೂ ಮುಂದ" ಅಂದ ಮುತ್ಯಾ. ನನಗ ಸಿಟ್ಟು ಬಂತು, ಕೇಳದ ಗಾಡಿ ಎಷ್ಟು ದೂರ ಒಯ್ದ್ರೇನು? ನಾ ಕೂಗಲಿಲ್ಲ. ಅವಾಗ ಮುತ್ಯಾ ತಾನೇ ಕೂಗಿದ, ಡಿಪೋದಾಗ ಬಸ್ಸಿಗೆ ಕೂಗಿದಂಗ ದೊಡ್ಡ ದನಿ ತೆಗದು. "ಲೀಲಾ, ಇನ್ನೂ ಮುಂದ ಹೋಗವ್ವಾ."

ಏಳು ತಿಂಗಳ ಮ್ಯಾಲ ಅಂವ ಅಕಿ ಹೆಸರು ಹಿಡದು ಮಾತಾಡಿದ್ದು ಅದೇ ಮೊದಲು. ಅತ್ತಿ ಅಲ್ಲಿಂದಲೇ ಅವನ ನೋಡಿದಳು. ಆಮ್ಯಾಲ ತಿರುಗಿ ನಡದಳು, ಈ ಸಲ ಹೆಜ್ಜಿ ಎಣಿಸಿದಂಗ ಕಾಣಲಿಲ್ಲ. ಓಣಿ ತುದಿ ಮುಟ್ಟಿದಳು. ಅಲ್ಲಿ ದೊಡ್ಡ ರಸ್ತೆ, ರಸ್ತೆ ಅಂಚಿಗೆ ಒಂದು ಆಟೋ. ಅಕಿ ಬಗ್ಗಿ, ನನ್ನ ಗಾಡಿ ಆ ತುದಿಯ ಮನಿ ಕಟ್ಟಿ ಮ್ಯಾಲ ಜ್ವಾಕಿಯಿಂದ ಇಟ್ಟಳು. ಸೆರಗು ಸೊಂಟಕ್ಕ ಸಿಗಿಸಿದಳು. ಎರಡು ಹೆಜ್ಜಿ ಆಟೋ ಕಡೆ ಇಟ್ಟಳು. ನನಗ ಅತ್ತಿ ಕಾಣಲಿಲ್ಲ ನೋಡ್ರಿ, ಗಾಡಿಯೊಂದ ಕಾಣಿಸಿತು. ಓಣಿ ಹುಡುಗರು ಒಯ್ದುಬಿಡ್ತಾರ, ಹಾದಿಹೋಕರು ಎತ್ತಿಕೊಂಡು ಹೋಗ್ತಾರ ಅನಿಸಿತು. "ಅತ್ತೀ, ನನ್ನ ಗಾಡಿ! ಬಿಟ್ಟು ಹೋಗಬ್ಯಾಡ ಅತ್ತೀ!" ಅಂತ ಇದ್ದಬಿದ್ದ ಶಕ್ತಿ ಹಾಕಿ ಒದರಿದೆ. ಹಿಂದಿಂದ ಮುತ್ಯಾನ ಕೈ ಬಂದು ನನ್ನ ಬಾಯಿ ಮುಚ್ಚಿತು. ಅಷ್ಟೊತ್ತಿಗೆ ತಡಾ ಆಗಿತ್ತು. ಅತ್ತಿ ನಿಂತಳು. ಆಮ್ಯಾಲ ತಿರುಗಿದಳು, ಗಾಡಿ ಎತ್ತಿಕೊಂಡಳು, ಬಂದಳು.

ಅಕಿ ಬಂದು ಮುಟ್ಟೋದ್ರೊಳಗ ಮುತ್ಯಾ ಒಳಗ ಹೋಗಿ ಗ್ವಾಡಿಗೆ ಮಾರಿ ಮಾಡಿ ಕೂತಿದ್ದ. ಅತ್ತಿ ಚಪ್ಪಲ್ ಬಿಟ್ಟು ಒಳಗ ಬಂದು, ಗಾಡಿ ನನ್ನ ತೊಡಿ ಮ್ಯಾಲ ಇಟ್ಟು, "ಎಂಬತ್ತು ಹೆಜ್ಜಿ ತನಕ ಬರೋಬರ್ ಅದ. ಬರಕೋ" ಅಂದಳು. ನಾ ಪುಸ್ತಕದ ಹಿಂದಿನ ಹಾಳಿ ಮ್ಯಾಲ ಪೆನ್ಸಿಲ್‌ನಿಂದ ಬರಕೊಂಡೆ. ಸೋಮವಾರ ಬೀಗರು ಬಂದರು, ಹಣ್ಣು ತಂದಿದ್ದರು, ಹೋಳಿಗಿ ಉಂಡರು. ಅತ್ತಿ ಜೀಪಿನ ಹಿಂದಿನ ಸೀಟಿನ್ಯಾಗ ಇಬ್ಬರ ನಡುವ ಕೂತು ಹೋದಳು. ಗಾಡಿ ಒಂದು ವರ್ಷ ಓಡಿತು, ಆಮ್ಯಾಲ ಶೆಲ್ ಸೋರಿ ಕೆಟ್ಟಿತು. ರಿಪೇರಿ ಮಾಡಾಕಿ ಮನಿಯಾಗ ಇರಲಿಲ್ಲ. ಕಮಲಾಪುರದಾಗ ಮತ್ತ ಕೀಲಿ ಹಾಕತಿದ್ದರು ಅನ್ನೋದು ನಮಗೆಲ್ಲಾ ಗೊತ್ತಿತ್ತು, ಗೊತ್ತಿದ್ದೂ ಹಬ್ಬಕ್ಕ ಸೀರಿ ಕಳಸತಿದ್ದೆವು. ಮಕ್ಕಳಾದ ಮ್ಯಾಲ ಕೀಲಿ ತಪ್ಪಿತಂತ. ಬಿಟ್ಟು ಹೋಗಬೇಕು ಅನ್ನೋ ಮನಸೂ ಅದರ ಕೂಡನೇ ತಪ್ಪಿರಬೇಕು.

ಹನ್ನೆರಡು ವರ್ಷದ ಮ್ಯಾಲ ನನ್ನ ಮದಿವಿ ಮಾತು ಬಂತು. ಮುತ್ಯಾ ಆಗ ಕೋಲು ಹಿಡದು ನಡಿಯಾಂವ. ವರನ ಊರಿಗೆ ತಾನೇ ಹೋಗಿ, ಪರಿಚಯದವರ ಮನಿಯಾಗ ಎಂಟು ದಿನ ಇಳದು, ಚಾದಂಗಡಿ, ಕ್ಷೌರದಂಗಡಿ, ಹುಡುಗ ಓದಿದ ಸಾಲಿ, ಅವನ ಹಳೇ ಬಾಡಗಿ ಮನಿ ಮಾಲಕ, ಒಬ್ಬರನ್ನೂ ಬಿಡದ ಕೇಳಿಬಂದ. ನನ್ನ ಗಂಡನ ಮನಿಯವರಿಗೆ ಅವಮಾನ ಆಗಿತ್ತಂತ, ಆಗಲಿ. ಬಂದ ದಿನ ನನ್ನ ಬಾಜೂಕ ಕೂಡಿಸಿಕೊಂಡು, ಹುಡುಗ ಚೊಲೋ ಅದಾನ ಅಂದ. ಆಮ್ಯಾಲ ನನ್ನ ಕೈ ಮ್ಯಾಲ ತನ್ನ ಕೈ ಇಟ್ಟು ಕೇಳಿದ, "ಅವತ್ತು ನೀ ಯಾಕ ಕೂಗಿದಿ ಪಾರವ್ವಾ?" ದನಿಯಾಗ ಸಿಟ್ಟಿರಲಿಲ್ಲ, ಕೇಳದ ಸಾಯಬಾರದು ಅಂತ ಕೇಳಿದಂಗಿತ್ತು. ನನಗ ಅಳು ಬಂತು, ಅದರ ಹಿಂದ ಸಿಟ್ಟೂ ಬಂತು. ಹತ್ತು ಮಂದಿ ಮುಂದ ಹೂಂ ಅಂದು ಬಂದಾಂವ ಇಂವ, ಮಗಳಿಗೆ ಹೋಗು ಅಂತ ಬಾಯಿಬಿಟ್ಟು ಒಂದು ಮಾತು ಹೇಳಲಿಕ್ಕೆ ಆಗಲಿಲ್ಲ, ಆಟಗಿ ಗಾಡಿ ನೆವಾ ಬೇಕಾಯ್ತು. ತಪ್ಪಿಗೆ ಮಾತ್ರ ಹತ್ತು ವರ್ಷದ ಹುಡುಗಿ. ಇದ್ಯಾವುದೂ ನಾ ಅನ್ನಲಿಲ್ಲ. "ನನಗ ಗೊತ್ತಿರಲಿಲ್ಲ ಮುತ್ಯಾ" ಅಂದೆ. "ಹೌದು, ನಿನಗ ಹೇಳಿದ್ದಿಲ್ಲ" ಅಂದ. ಮುಂದಿನ ಮಳಿಗಾಲದಾಗ ತೀರಿಕೊಂಡ. ಆಯಿನೂ ಹೋದಳು, ಮನಿ ಪಾಲಾಗಿ ಮಾರಾಟ ಆಗಿ, ಈಗ ಅಲ್ಲಿ ಮೂರು ಮಜಲಿನ ಕಾಂಪ್ಲೆಕ್ಸ್ ಎದ್ದದ. ನಮ್ಮ ಪಡಸಾಲಿ ಇದ್ದ ಜಾಗಾದಾಗ ಮೊಬೈಲ್ ಕವರ್ ಮಾರ್ತಾರ.

ಮೊನ್ನೆ ರವಿವಾರ ಮಗಳ ಹೊಸ ಗಾಡಿ ಡಬ್ಬಿಸಮೇತ ಹಿಡಕೊಂಡು, ಅಕಿನ್ನೂ ಕರಕೊಂಡು ಕಮಲಾಪುರದ ಬಸ್ಸು ಹತ್ತಿದೆ. ಯಾಕ ಅಂದ್ರ ಹೇಳಲಿಕ್ಕೆ ಬರೂದಿಲ್ಲ, ಬ್ಯಾರೆ ಯಾರ ಕೈಲೂ ತಪಾಸ್ ಮಾಡಿಸಲಿಕ್ಕೆ ಮನಸಾಗಲಿಲ್ಲ. ಅತ್ತಿಗೆ ಈಗ ಕೂದಲೆಲ್ಲಾ ಬೆಳ್ಳಗಾಗ್ಯಾವ. ಗಂಡ ಸತ್ತು ನಾಲ್ಕು ವರ್ಷ. ಬಾಗಲೆಲ್ಲಾ ತೆರದಿದ್ದವು, ಅಕಿ ಒಳಗಿನ ಖೋಲಿಯ ಕಿಟಕಿ ಹಂತ್ಯಾಕೇ ಕೂತಿದ್ದಳು. ಡಬ್ಬಿ ನೋಡಿದ ಕೂಡಲೇ ಕನ್ನಡಕ, ಪೇಚಕಸ ತರಿಸಿದಳು. ಗಾಲಿ ಹಿಡದು ಅಲುಗಾಡಿಸಿದಳು, ತಿರುಪು ತಿರುವಿದಳು, "ಏರಿಯಲ್ಲೇ ಇಲ್ಲಲ್ಲ ಇದಕ್ಕ, ಚೊಲೋ ಮಾಡ್ಯಾರ" ಅಂದಳು. ನಿಧಿ ಅಂಗಳದಾಗ ಅದನ್ನ ಓಡಿಸಾಕತ್ತಿದಳು. ನಾವಿಬ್ಬರೇ ಒಳಗ ಉಳದಿದ್ದೆವು. ಅವಾಗ ನಾ ಕೇಳೇಬಿಟ್ಟೆ. "ಅತ್ತಿ, ಅವತ್ತು ನಾ ಕೂಗಲಿಲ್ಲಾಂದ್ರ ನೀ ಹೋಗತಿದ್ದೆಲ್ಲ?"

ಅಕಿ ಪೇಚಕಸ ಡಬ್ಬಿಯೊಳಗ ಇಟ್ಟಳು. "ನೀ ಕೂಗಿದ್ಯೇನು? ನನಗ ಕೇಳಿಸೇ ಇಲ್ಲವ್ವಾ" ಅಂದಳು. "ಆ ಆಟೋದ ಗದ್ದಲದಾಗ ಏನ್ ಕೇಳಿಸ್ತದ? ನಾನೇ ಮನಸು ಬದಲಿ ಮಾಡಿ ಬಂದೆ. ಅದನ್ನ ಹಿಡಕೊಂಡು ಕೂತೀಯೇನು ಇಷ್ಟು ವರ್ಷ, ಹುಚ್ಚಿ." ನಗೋದು ಸುದ್ದಾ ನಕ್ಕಳು. ಆ ಆಟೋ ಬಂದ್ ಇತ್ತು. ಡ್ರೈವರ್ ಹಿಂದಿನ ಸೀಟಿನ್ಯಾಗ ಕಾಲು ಹೊರಗ ಚಾಚಿ ಮಲಗಿದ್ದ, ಓಣಿಯಾಗ ಒಂದು ಕಾಗಿ ಸಪ್ಪಳನೂ ಇರಲಿಲ್ಲ. ನನ್ನ ಮಾತಿಗೇ ಅಕಿ ಕಾಲು ನಿಂತದ್ದು, ಆ ಬೆನ್ನು ನನ್ನ ಕೂಗಿಗೆ ಹೊಡತಾ ತಿಂದಂಗ ಒಮ್ಮೆ ಬಿಗಿ ಆಗಿದ್ದು, ಕಣ್ಣು ಮುಚ್ಚಿದ್ರ ಇವತ್ತಿಗೂ ಕಾಣ್ತದ. ಅವತ್ತು ನನಗಾಗಿ ತಿರುಗಿ ಬಂದಾಕಿ ಇವತ್ತೂ ನನಗಾಗೇ ತಿರುಗಿ ಬಂದಳು. ನಾ ಅಕಿ ಮೊಣಕಾಲಿಗೆ ತಲಿ ಇಟ್ಟು, "ಹೌದೇನತ್ತಿ, ಕೇಳಿಸಲೇ ಇಲ್ಲೇನು?" ಅಂದೆ. "ಇಲ್ಲವ್ವಾ" ಅಂದಳು ಅಕಿ, ನನ್ನ ತಲಿ ಸವರಿಕೋತ.